ಕಡಲ ಮೇಲಿನ ಶಬ್ದವೇಧಿ

೧೯೬೭ನೆಯ ಇಸವಿ ಅಕ್ಟೋಬರ್ ೨೧ರ ಸಂಜೆ. ಈಜಿಪ್ಟಿನ ಪೋರ್ಟ್ ಸಯೀದ್ ಬಂದರಿನಿಂದ ಹದಿಮೂರು ಹದಿನಾಲ್ಕು ಮೈಲಿ ಆಚೆ ಇಸ್ರೇಲಿನ ‘ಐಲಾತ್’ ಎಂಬ ಯುದ್ಧನೌಕೆ ಗಸ್ತು ತಿರುಗುತ್ತಿದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಕಟ್ಟಿದ, ಸುಮಾರು ಸಾವಿರದ ಏಳುನೂರು ಟನ್ನಿನ ಹಡಗು ಅದು. ಬಂದರಿನ ಕಡೆಯಿಂದ ಎದ್ದ ಬೆಳಕೊಂದು ತಮ್ಮ ಕಡೆಗೇ ಬರುತ್ತಿರುವುದನ್ನು ಕಾವಲಿನವರು ಕಂಡರು. ಹಡಗಿನ ತೋಪುಗಳು ಅದರ ಮೇಲೆ ಗುಂಡಿನ ಮಳೆಗರೆದವು. ಒಂದೂ ತಾಗಲಿಲ್ಲ. ಮೊದಲನೆಯ ಕ್ಷಿಪಣಿಯ ಹಿಂದೆ ಎರಡನೆಯದು, ಅದರ ಹಿಂದೆ ಮತ್ತೊಂದು. ಐಲಾತ್ ಮುಳುಗಿತು, ೪೭ ಮಂದಿ ನಾವಿಕರು ಸತ್ತರು. ಅದನ್ನು ಮುಳುಗಿಸಿದ್ದು ಬಂದರಿನ ಬಾಯಿಂದ ಈಚೆಗೆ ಬಾರದೆಯೇ ನಿಂತಿದ್ದ, ಎಪ್ಪತ್ತು ಟನ್ನೂ ತೂಗದ, ಸೋವಿಯೆಟ್ ದೇಶದಲ್ಲಿ ಕಟ್ಟಿದ ‘ಕೊಮಾರ್’ ಎಂಬ ಜಾತಿಯ ದೋಣಿಗಳು. ಒಂದೊಂದು ದೋಣಿಯ ಮೇಲೆ ‘ಸ್ಟಿಕ್ಸ್’ ಎಂಬ ಎರಡೆರಡು ಕ್ಷಿಪಣಿಗಳಿದ್ದವು, ಅಷ್ಟೆ. ಒಂದು ಹಡಗಿನಿಂದ ಹಾರಿಸಿದ ಕ್ಷಿಪಣಿ ಯುದ್ಧದಲ್ಲಿ ಇನ್ನೊಂದು ಹಡಗನ್ನು ಮುಳುಗಿಸಿದ್ದು ಅದೇ ಮೊದಲು. ಆನೆಯನ್ನು ಇರುವೆ ಕೊಂದಿತೆಂದು ಲೋಕದ ನೌಕಾಪಡೆಗಳೆಲ್ಲ ದಂಗುಬಡಿದುಹೋದವು.

ಅಂದಿನಿಂದ ಇಂದಿನವರೆಗೆ, ವಿಮಾನಗಳ ಹುಚ್ಚು ಹಿಡಿದವರು, ಯುದ್ಧಸಾಮಗ್ರಿಗಳ ವಿಷಯ ಬಲ್ಲವರು ನಾಲ್ವರು ಕಲೆತರೆ ಒಂದು ವಾದ ಹೂಡದೆ ಇರುವುದಿಲ್ಲ: ಕ್ಷಿಪಣಿ ಗೆದ್ದೀತೆ, ಹಡಗಿನ ರಕ್ಷಣೆ ಗೆದ್ದೀತೆ? ಒಬ್ಬರು ಬಾಣದ ಕಡೆಯ ವಕೀಲರು, ಇನ್ನೊಬ್ಬರು ಗುರಾಣಿಯ ಕಡೆಯವರು. ಇಂಥ ಕ್ಷಿಪಣಿ ಇಷ್ಟು ಕಿಲೋಮೀಟರ್ ಹೋಗುತ್ತದೆ, ಅದರ ಮೂತಿಯಲ್ಲಿ ಇಷ್ಟು ತೂಕದ ಸಿಡಿಮದ್ದು ಇದೆ, ಇಂಥ ಹಡಗಿನ ರೇಡಾರ್ ಒಟ್ಟಿಗೆ ಇಷ್ಟು ಗುರಿಗಳನ್ನು ಎಣಿಸುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಲೆಕ್ಕಗಳು ಸುಳ್ಳಲ್ಲ. ಆದರೆ ಅರವತ್ತು ವರ್ಷಗಳಿಗೆ ಸಮೀಪಿಸುತ್ತಿರುವ ಈ ಚರಿತ್ರೆಯನ್ನು ಒಂದೊಂದೇ ಘಟನೆಯಾಗಿ ಬಿಡಿಸಿ ನೋಡಿದರೆ, ಸೋಲು ಗೆಲುವು ನಿರ್ಧಾರವಾದದ್ದು ಬಹುಮಟ್ಟಿಗೆ ಈ ಅಂಕಿಗಳಿಂದಲ್ಲ ಎಂಬುದು ಕಾಣುತ್ತದೆ. ಅದು ನಿರ್ಧಾರವಾದದ್ದು ಹಡಗಿನೊಳಗಣ ಒಂದು ಕತ್ತಲೆಯ ಕೊಠಡಿಯಲ್ಲಿ, ರೇಡಾರಿನ ತೆರೆಯ ಮುಂದೆ ಕುಳಿತ ಮನುಷ್ಯನೊಬ್ಬ ತಾನು ಕಂಡದ್ದನ್ನು ನಂಬಿದನೆ, ಇಲ್ಲವೆ ಎಂಬುದರಿಂದ.

ಅವನಿಗೆ ದೊರೆಯುವ ಕಾಲವೆಷ್ಟು? ಭೂಮಿ ಗುಂಡಗಿರುವುದರಿಂದ ಕಡಲ ಮೇಲೆ ದಿಗಂತ ಬಲು ಹತ್ತಿರ. ರೇಡಾರಿನ ಅಲೆಗಳು ಹೆಚ್ಚುಕಡಮೆ ನೆಟ್ಟಗೆ ಹೋಗುವುವಾದ್ದರಿಂದ ದಿಗಂತದ ಆಚೆ ತಗ್ಗಿನಲ್ಲಿರುವುದು ಅದಕ್ಕೂ ಕಾಣದು. ಹಡಗಿನ ಕೂವೆಕಂಬದ ಮೇಲೆ, ನೀರಿನಿಂದ ೨೦ ಮೀಟರ್ ಎತ್ತರದಲ್ಲಿ ರೇಡಾರ್ ಇದೆಯೆನ್ನಿ. ಅಲೆಗಳನ್ನು ಸವರುವಂತೆ ನಾಲ್ಕು ಮೀಟರ್ ಎತ್ತರದಲ್ಲಿ ಹಾರಿಬರುವ ಕ್ಷಿಪಣಿ ಅದರ ಕಣ್ಣಿಗೆ ಬೀಳುವುದು ಸುಮಾರು ೨೭ ಕಿಲೋಮೀಟರ್ ಸಮೀಪಕ್ಕೆ ಬಂದ ಮೇಲೆ. ಕ್ಷಿಪಣಿಯ ವೇಗ ಸೆಕೆಂಡಿಗೆ ೩೦೦ ಮೀಟರ್ ಎಂದರೆ ಉಳಿದದ್ದು ೯೦ ಸೆಕೆಂಡು. ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟು ಹೊತ್ತೂ ಅಲ್ಲ. ಅಷ್ಟರೊಳಗೆ ಅದನ್ನು ಕಾಣಬೇಕು, ಇದು ಇಂಥದೆಂದು ಗುರುತಿಸಬೇಕು, ಮೇಲಿನವನಿಗೆ ಹೇಳಬೇಕು, ಅವನು ಅಪ್ಪಣೆ ಕೊಡಬೇಕು, ಆಯುಧ ಹೊರಡಬೇಕು, ತಾಗಬೇಕು. ಶಬ್ದಕ್ಕಿಂತ ಎರಡೂವರೆ ಪಟ್ಟು ವೇಗವಾಗಿ ಬರುವ ಇಂದಿನ ಕ್ಷಿಪಣಿಗಳಾದರೋ ಆ ತೊಂಬತ್ತನ್ನು ಮೂವತ್ತಕ್ಕೆ ಇಳಿಸಿಬಿಟ್ಟಿವೆ.

ದೂರದಿಂದ ನಡೆಸಬಲ್ಲ ಆಯುಧ ಹಡಗಿನ ಮೇಲೆ ಬಿದ್ದದ್ದು ಐಲಾತ್‌ಗಿಂತ ಹಿಂದೆಯೂ ಉಂಟು. ೧೯೪೩ರ ಸೆಪ್ಟೆಂಬರ್ ೯ರಂದು ಜರ್ಮನರು ವಿಮಾನದಿಂದ ಬಿಟ್ಟು ರೇಡಿಯೋ ಸಂಜ್ಞೆಯಿಂದ ನಡೆಸಿದ ಬಾಂಬುಗಳು ಇಟಲಿಯ ‘ರೋಮಾ’ ಎಂಬ ಮಹಾನೌಕೆಯನ್ನು ಸಾರ್ಡಿನಿಯಾ ದ್ವೀಪದ ಬಳಿ ಮುಳುಗಿಸಿದವು. ಸಾವಿರಕ್ಕೂ ಮೀರಿ ಜನ ಸತ್ತರು. ಮಾರನೆಯ ವರ್ಷ ಜಪಾನಿನ ಕಾಮಿಕಾಜೆ ವೈಮಾನಿಕರು ವಿಮಾನಸಮೇತ ತಾವೇ ಬಂದು ಅಮೆರಿಕದ ಹಡಗುಗಳಿಗೆ ಬಡಿಯತೊಡಗಿದರು. ನಿಜವಾಗಿ ನೋಡಿದರೆ ಅದೂ ಒಂದು ಕ್ಷಿಪಣಿಯೇ. ಅದರೊಳಗಿನ ಯಂತ್ರ ಮನುಷ್ಯನ ಮಿದುಳು. ಇಂದಿನ ಯುದ್ಧನೌಕೆಯ ರಕ್ಷಣಾವ್ಯವಸ್ಥೆಯ ಬೇರುಗಳು ಆ ಕಾಲದಲ್ಲಿಯೇ ಇಳಿದವು. ದೂರದಲ್ಲಿ ಕಾವಲು ಹಡಗುಗಳು, ನಡುವೆ ಎಲ್ಲ ವರ್ತಮಾನವನ್ನೂ ಒಂದೆಡೆ ಕೂಡಿಸುವ ಕೊಠಡಿ, ಗುರಿಯ ಸಮೀಪಕ್ಕೆ ಹೋಗಿ ತಾನಾಗಿ ಸಿಡಿಯುವ ಗುಂಡು.

ಐಲಾತ್‌ನ ಪಾಠ ನಾಲ್ಕು ವರ್ಷವಾದರೂ ಎಲ್ಲರಿಗೂ ಮುಟ್ಟಿರಲಿಲ್ಲ. ೧೯೭೧ರ ಡಿಸೆಂಬರ್ ೪ರ ರಾತ್ರಿ ನಮ್ಮ ನೌಕಾಪಡೆಯ ‘ನಿಪಾತ್’, ‘ನಿರ್ಘಾತ್’, ‘ವೀರ್’ ಎಂಬ ಮೂರು ಸಣ್ಣ ಕ್ಷಿಪಣಿದೋಣಿಗಳು ಕರಾಚಿಯ ಕಡೆಗೆ ಸಾಗಿದವು. ಅವುಗಳ ಮೇಲಿದ್ದದ್ದೂ ಅದೇ ಸ್ಟಿಕ್ಸ್. ಆ ದಿನದ ಗೆಲವಿನ ನೆನಪಿಗಾಗಿಯೇ ಡಿಸೆಂಬರ್ ೪ ನಮ್ಮಲ್ಲಿ ನೌಕಾಪಡೆಯ ದಿನವಾಗಿದೆ. ಆ ರಾತ್ರಿ ‘ನಿರ್ಘಾತ್’ ಬಿಟ್ಟ ಕ್ಷಿಪಣಿಗೆ ಗುರಿಯಾದ ಪಾಕಿಸ್ತಾನದ ‘ಖೈಬರ್’ ನೌಕೆಯವರು ಆಕಾಶದಲ್ಲಿ ಉರಿಯುವ ಬೆಳಕನ್ನು ಕಂಡು, ವಿಮಾನವೆಂದೇ ಬಗೆದು, ವಿಮಾನ ಹೊಡೆಯುವ ತೋಪುಗಳನ್ನು ಹಾರಿಸಿದರು. ಏಟು ಬಿದ್ದ ಮೇಲೆ ಶತ್ರುವಿಮಾನ ದಾಳಿಮಾಡಿತೆಂದೇ ರೇಡಿಯೋ ಸುದ್ದಿ ಕಳುಹಿಸಿದರು. ಆ ಸುದ್ದಿಯಲ್ಲಿ ಹಡಗು ಇದ್ದ ಸ್ಥಳವೂ ತಪ್ಪಾಗಿ ಹೋಗಿ ನೆರವು ತಡವಾಯಿತು. ಅದರೊಂದಿಗೆ ಮುಳುಗಿದವರು ಕಡೆಯವರೆಗೂ ತಮ್ಮನ್ನು ಕೊಂದದ್ದು ಏನೆಂದು ತಿಳಿಯದೆಯೇ ಹೋದರು. ಶತ್ರುಗಳೆಂದರೂ ಆ ಸಾವು ಯಾರ ಮನಸ್ಸನ್ನಾದರೂ ಕಲಕುವಂಥದು.

ಐಲಾತನ್ನು ಕಳೆದುಕೊಂಡವರು ಮಾತ್ರ ಪಾಠವನ್ನು ಚೆನ್ನಾಗಿ ಕಲಿತರು. ೧೯೭೩ರ ಅಕ್ಟೋಬರ್ ೬-೭ರ ರಾತ್ರಿ ಸಿರಿಯಾದ ಲಟಾಕಿಯಾ ಬಂದರಿನ ಮುಂದೆ ಕ್ಷಿಪಣಿದೋಣಿಗೂ ಕ್ಷಿಪಣಿದೋಣಿಗೂ ಮೊತ್ತಮೊದಲ ಕಾಳಗ ನಡೆಯಿತು. ಸಿರಿಯಾದವರ ಸ್ಟಿಕ್ಸ್ ಇಸ್ರೇಲಿಗಳ ‘ಗೇಬ್ರಿಯಲ್’ಗಿಂತ ಎರಡು ಪಟ್ಟು ದೂರ ಹೋಗುತ್ತಿದ್ದಿತು. ಅಂಕಿಗಳನ್ನೇ ನಂಬಿದರೆ ಇಸ್ರೇಲಿಗಳು ಸೋಲಬೇಕಾಗಿತ್ತು. ಆದರೆ ಸ್ಟಿಕ್ಸ್ ತನ್ನ ಗುರಿಯನ್ನು ಹೇಗೆ ಹುಡುಕುತ್ತದೆಂಬುದನ್ನು ಅವರು ವರ್ಷಗಟ್ಟಲೆ ಕುಳಿತು ಯೋಚಿಸಿದ್ದರು. ಸುಳ್ಳು ಸಂಜ್ಞೆ ಕಳುಹಿಸಿ ಅದರ ರೇಡಾರನ್ನು ಕುರುಡುಗೊಳಿಸಿದರು. ಲೋಹದ ಸಣ್ಣ ಸಣ್ಣ ಎಳೆಗಳನ್ನು ಆಕಾಶಕ್ಕೆ ಎರಚಿ, ಇಲ್ಲದ ಹಡಗುಗಳನ್ನು ಇದ್ದಂತೆ ತೋರಿಸಿದರು. ‘ಚಾಫ್’ ಎಂದು ಹೆಸರಾದ ಈ ಎಳೆಗಳ ಉಪಾಯವನ್ನು ೧೯೪೩ರಲ್ಲಿಯೇ ಬ್ರಿಟಿಷ್ ವಿಮಾನಗಳು ಹಾಂಬುರ್ಗ್ ನಗರದ ಮೇಲೆ ಬಳಸಿದ್ದವು. ಲಟಾಕಿಯಾದಲ್ಲಿ ಸಿರಿಯಾದ ಐದು ನೌಕೆಗಳು ಮುಳುಗಿದವು. ಆ ಯುದ್ಧದಲ್ಲಿ ಇಸ್ರೇಲಿ ದೋಣಿಗಳ ಮೇಲೆ ಬಿಟ್ಟ ಐವತ್ತಕ್ಕೂ ಹೆಚ್ಚು ಸ್ಟಿಕ್ಸ್‌ಗಳಲ್ಲಿ ಒಂದೂ ತಾಗಲಿಲ್ಲ. ಬಾಣ ಅದೇ. ಬದಲಾದದ್ದು ಬಾಣ ಬರುತ್ತದೆಂದು ಮೊದಲೇ ನಂಬಿ ಸಿದ್ಧರಾಗಿದ್ದ ಜನರ ಮನಸ್ಸು.

ಇನ್ನು ‘ಶೆಫೀಲ್ಡ್’ ಕಥೆ. ೧೯೮೨ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಬ್ರಿಟನ್ನಿಗೂ ಅರ್ಜೆಂಟೈನಾಕ್ಕೂ ಯುದ್ಧವಾದಾಗ ಅರ್ಜೆಂಟೈನಾದ ಬಳಿ ವಿಮಾನದಿಂದ ಬಿಡುವ ಫ್ರಾನ್ಸ್ ದೇಶದ ‘ಎಕ್ಸೊಸೆ’ ಕ್ಷಿಪಣಿಗಳು ಇದ್ದದ್ದು ಐದೇ ಐದು. ಮೇ ೪ರಂದು ಎರಡು ವಿಮಾನಗಳು ಎರಡು ಕ್ಷಿಪಣಿಗಳನ್ನು ಹೊತ್ತು ನೀರಿಗೆ ಅಂಟಿಕೊಂಡಂತೆ ಹಾರಿಬಂದವು. ಶೆಫೀಲ್ಡ್ ಸಾಮಾನ್ಯ ಹಡಗಲ್ಲ. ಆಕಾಶದಿಂದ ಬರುವ ಅಪಾಯವನ್ನು ತಡೆಯುವುದಕ್ಕೆಂದೇ ಕಟ್ಟಿದ, ‘ಸೀ ಡಾರ್ಟ್’ ಕ್ಷಿಪಣಿಗಳನ್ನು ಹೊತ್ತ ನೌಕೆ. ಪಕ್ಕದಲ್ಲಿದ್ದ ‘ಗ್ಲಾಸ್ಗೋ’ ನೌಕೆ ಶತ್ರುವಿಮಾನದ ರೇಡಾರಿನ ಮಿನುಗನ್ನು ಹಿಡಿದು ಎಚ್ಚರಿಕೆ ಕೊಟ್ಟಿತು, ಚಾಫ್ ಎರಚಿಕೊಂಡಿತು. ಆದರೆ ಹಿಂದಿನ ದಿನಗಳಲ್ಲಿ ಇಂಥ ಎಚ್ಚರಿಕೆಗಳು ಅನೇಕ ಬಂದು ಸುಳ್ಳಾಗಿದ್ದವು. ‘ತೋಳ ಬಂತು ತೋಳ’ ಎಂಬ ಕಥೆಯಂತೆ ಇದೂ ಸುಳ್ಳೆಂದೇ ವಿಮಾನವಾಹಕ ನೌಕೆಯಲ್ಲಿದ್ದ ಅಧಿಕಾರಿಗಳು ಎಣಿಸಿದರು. ಶೆಫೀಲ್ಡ್ ಆ ಹೊತ್ತಿಗೆ ಉಪಗ್ರಹದ ಮೂಲಕ ಸುದ್ದಿ ಕಳುಹಿಸುತ್ತಿದ್ದಿತು. ಆ ಸಂಜ್ಞೆಯ ಗದ್ದಲದಲ್ಲಿ ಶತ್ರುರೇಡಾರನ್ನು ಕೇಳಿಸಿಕೊಳ್ಳಬೇಕಾದ ಅದರ ಕಿವಿ ಮುಚ್ಚಿಹೋಗಿತ್ತು. ವಾಯುರಕ್ಷಣೆಯ ಹೊಣೆ ಹೊತ್ತ ಅಧಿಕಾರಿ ಕೊಠಡಿಯಲ್ಲಿರಲಿಲ್ಲ, ಕಾಫಿಗೆಂದು ಹೋಗಿದ್ದ. ಅವನ ಸಹಾಯಕನೂ ಹೊರಗೆ ಹೋಗಿದ್ದ. ಮೇಲೆ ನಿಂತಿದ್ದವರಿಗೆ ಕ್ಷಿಪಣಿ ಕಂಡಿತು. ಕಂಡವರು ಮಂತ್ರ ಹಾಕಿದಂತೆ ನೋಡುತ್ತ ನಿಂತುಬಿಟ್ಟರು. ಹಡಗಿನೊಳಗೆ ಯಾರಿಗೂ ಕೂಗಿ ಹೇಳಲಿಲ್ಲ. ಚಾಫ್ ಹಾರಲಿಲ್ಲ, ಸೀ ಡಾರ್ಟ್ ಹೊರಡಲಿಲ್ಲ. ಇಪ್ಪತ್ತು ಮಂದಿ ಸತ್ತರು. ಆರು ದಿನಗಳ ಮೇಲೆ ಹಡಗು ಮುಳುಗಿತು. ಈ ವಿವರಗಳೆಲ್ಲ ಇದ್ದ ವಿಚಾರಣೆಯ ವರದಿ ಪೂರ್ತಿಯಾಗಿ ಬೆಳಕಿಗೆ ಬಂದದ್ದು ೨೦೧೭ರಲ್ಲಿ, ಮೂವತ್ತೈದು ವರ್ಷಗಳ ನಂತರ.

ಅದೇ ತಿಂಗಳ ೨೫ರಂದು ಇನ್ನೆರಡು ಎಕ್ಸೊಸೆಗಳು ಬಂದವು. ಈ ಸಲ ಯುದ್ಧನೌಕೆಗಳು ಎಚ್ಚರವಾಗಿದ್ದವು. ಚಾಫ್ ಎರಚಿದವು, ಕ್ಷಿಪಣಿಗಳು ಮೋಸಹೋದವು. ಮೋಸಹೋದ ಕ್ಷಿಪಣಿಗಳು ಮುಂದೆ ಹೋಗಿ ಹುಡುಕಿ ಹಿಡಿದದ್ದು ‘ಅಟ್ಲಾಂಟಿಕ್ ಕನ್ವೇಯರ್’ ಎಂಬ ಸರಕಿನ ಹಡಗನ್ನು. ಸರಕಾರ ಯುದ್ಧಕ್ಕೆಂದು ಕರೆಸಿಕೊಂಡಿದ್ದ ಆ ವ್ಯಾಪಾರದ ಹಡಗಿಗೆ ಎರಚಿಕೊಳ್ಳಲು ಚಾಫ್ ಇರಲಿಲ್ಲ. ಕಪ್ತಾನನೂ ಸೇರಿ ಹನ್ನೆರಡು ಜನ ಸತ್ತರು. ಗುರಾಣಿ ತಪ್ಪಿಸಿದ ಬಾಣ ಗುರಾಣಿಯಿಲ್ಲದವನ ಎದೆಗೆ ನಾಟಿತು. ಬಾಣ-ಗುರಾಣಿಗಳ ವಾದದಲ್ಲಿ ಈ ಮೂರನೆಯವನ ಮಾತು ಬರುವುದು ಅಪರೂಪ.

ನಂಬದೆ ಹೋಗುವ ದೋಷ ಐದು ವರ್ಷಗಳ ಮೇಲೆ ಮತ್ತೆ ತಲೆಯೆತ್ತಿತು. ಇರಾಕಿಗೂ ಇರಾನಿಗೂ ಯುದ್ಧ ನಡೆಯುತ್ತಿದ್ದ ಕಾಲ. ಪರ್ಷಿಯಾ ಕೊಲ್ಲಿಯಲ್ಲಿ ಅಮೆರಿಕದ ‘ಸ್ಟಾರ್ಕ್’ ಎಂಬ ನೌಕೆ. ೧೯೮೭ರ ಮೇ ೧೭ರ ರಾತ್ರಿ ಇರಾಕಿನ ವಿಮಾನವೊಂದು ಬಂತು. ಅದು ಬರುವುದನ್ನು ರೇಡಾರಿನಲ್ಲಿ ಹೊರಟಾಗಿನಿಂದ ನೋಡುತ್ತಲೇ ಇದ್ದರು. ಇರಾಕು ಆಗ ಅಮೆರಿಕಕ್ಕೆ ಶತ್ರುವಲ್ಲ. ಅದು ತಮ್ಮನ್ನೇ ಹೊಡೆದೀತೆಂದು ಯಾರು ನಂಬಿಯಾರು? ಎರಡು ಎಕ್ಸೊಸೆಗಳು ಬಡಿದವು. ೩೭ ನಾವಿಕರು ಸತ್ತರು. ನಿಮಿಷಕ್ಕೆ ಸಾವಿರಾರು ಗುಂಡು ಕಾರಿ ಕ್ಷಿಪಣಿಯನ್ನು ಕಡೆಯ ಗಳಿಗೆಯಲ್ಲಿ ಚಿಂದಿಮಾಡಬಲ್ಲ ‘ಫ್ಯಾಲಂಕ್ಸ್’ ತೋಪು ಹಡಗಿನ ಮೇಲೆಯೇ ಇತ್ತು. ಆದರೆ ಅದನ್ನು ತಾನಾಗಿ ಹೊಡೆಯುವ ಸ್ಥಿತಿಗೆ ತಿರುಗಿಸಿರಲಿಲ್ಲ. ಇರಾಕು ಕ್ಷಮೆ ಕೇಳಿತು.

ಸ್ಟಾರ್ಕ್‌ನ ಪಾಠವನ್ನು ಅಮೆರಿಕದ ನೌಕಾಪಡೆ ಮನಸ್ಸಿನಲ್ಲಿ ಕೊರೆದುಕೊಂಡಿತು: ಇನ್ನು ಮೇಲೆ ಕಾದು ಕೂರಬೇಡಿ. ಹದಿನಾಲ್ಕು ತಿಂಗಳು ಕಳೆಯುವುದರೊಳಗೆ, ಅದೇ ನೀರಿನಲ್ಲಿ, ೧೯೮೮ರ ಜುಲೈ ೩ರ ಬೆಳಗ್ಗೆ ‘ವಿನ್ಸೆನ್ಸ್’ ನೌಕೆ ಇರಾನಿನ ಸಣ್ಣ ದೋಣಿಗಳೊಡನೆ ಗುಂಡಿನ ಕಾಳಗದಲ್ಲಿತ್ತು. ‘ಏಜಿಸ್’ ಎಂಬ, ಆ ಕಾಲದಲ್ಲಿ ಲೋಕದಲ್ಲೇ ಮೇಲಾದ ರಕ್ಷಣಾವ್ಯವಸ್ಥೆ ಆ ಹಡಗಿನದು. ಗ್ರೀಕರ ಪುರಾಣದಲ್ಲಿ ದೇವತೆಗಳ ಗುರಾಣಿಗೆ ಆ ಹೆಸರು. ಬಂದರ್ ಅಬ್ಬಾಸ್ ವಿಮಾನನಿಲ್ದಾಣದಿಂದ ಒಂದು ವಿಮಾನ ಮೇಲೆದ್ದು ಹಡಗಿನ ದಿಕ್ಕಿಗೆ ಬಂದಿತು. ಅದು ದುಬೈಗೆ ಹೊರಟ ಪ್ರಯಾಣಿಕರ ಏರ್‌ಬಸ್. ಕೊಠಡಿಯಲ್ಲಿದ್ದವರು ಅದನ್ನು ಯುದ್ಧವಿಮಾನವೆಂದರು. ತಮ್ಮ ಕಡೆಗೆ ಇಳಿಯುತ್ತಿದೆಯೆಂದು ಕೂಗಿದರು. ರೇಡಿಯೋದಲ್ಲಿ ಎಚ್ಚರಿಸಿದರು, ಉತ್ತರ ಬರಲಿಲ್ಲ. ಎರಡು ಕ್ಷಿಪಣಿಗಳನ್ನು ಹಾರಿಸಿದರು. ನೆಲ ಬಿಟ್ಟ ಏಳು ನಿಮಿಷಕ್ಕೆ ಆ ವಿಮಾನ ಚೂರಾಯಿತು. ಅದರಲ್ಲಿದ್ದ ೨೯೦ ಮಂದಿಯಲ್ಲಿ ೬೬ ಮಕ್ಕಳು; ಹತ್ತು ಜನ ಭಾರತೀಯರು. ಮುಂದೆ ಅಮೆರಿಕದವರೇ ನಡೆಸಿದ ವಿಚಾರಣೆಯಲ್ಲಿ ತಿಳಿದದ್ದು ಇದು: ಯಂತ್ರ ಸುಳ್ಳು ಹೇಳಿರಲಿಲ್ಲ. ವಿಮಾನ ಇಳಿಯುತ್ತಿಲ್ಲ, ಏರುತ್ತಿದೆ ಎಂದು ಏಜಿಸ್ ಮೊದಲಿಂದ ಕಡೆಯವರೆಗೆ ಸರಿಯಾಗಿಯೇ ಬರೆದುಕೊಂಡಿತ್ತು. ಭಯಪಟ್ಟ ಮನಸ್ಸು ತಾನು ಎದುರುನೋಡುತ್ತಿದ್ದುದನ್ನೇ ಅದರಲ್ಲಿ ಓದಿತು.

ಸರಯೂ ನದಿಯ ದಡದಲ್ಲಿ ದಶರಥನಿಗಾದದ್ದೂ ಇದೇ ಅಲ್ಲವೆ? ಶಬ್ದವೇಧಿ ವಿದ್ಯೆಯಲ್ಲಿ ಅವನಿಗೆ ಸಮಾನರಿಲ್ಲ. ಕತ್ತಲಲ್ಲಿ ಗುಳುಗುಳು ಶಬ್ದ ಕೇಳಿತು, ಆನೆ ನೀರು ಕುಡಿಯುತ್ತಿದೆಯೆಂದು ಬಾಣ ಬಿಟ್ಟ. ಬಾಣ ತಪ್ಪಲಿಲ್ಲ, ತಪ್ಪಿದ್ದರೆ ಒಳ್ಳೆಯದಾಗುತ್ತಿತ್ತು. ಕುರುಡ ತಂದೆತಾಯಿಗಳಿಗಾಗಿ ಕೊಡದಲ್ಲಿ ನೀರು ತುಂಬುತ್ತಿದ್ದ ಮಗ ಸತ್ತುಬಿದ್ದ. ರೇಡಾರಿನ ಮುಂದೆ ಕುಳಿತವನೂ ಶಬ್ದವೇಧಿಯೇ. ಅವನು ಕೊಲ್ಲುವುದನ್ನು ಅವನು ಕಾಣುವುದಿಲ್ಲ. ಒಂದು ಚುಕ್ಕೆ ಮಾತ್ರ ಕಾಣುತ್ತಾನೆ. ಸ್ಟಾರ್ಕ್‌ನವರು ಆ ಚುಕ್ಕೆಯನ್ನು ನಂಬದೆ ತಮ್ಮವರನ್ನು ಕಳೆದುಕೊಂಡರು. ವಿನ್ಸೆನ್ಸ್‌ನವರು ಬೇಗ ನಂಬಿ ಪರರನ್ನು ಕೊಂದರು. ಎರಡೂ ಬೇರೆ ಬೇರೆ ತಪ್ಪುಗಳೆಂದು ತೋರುತ್ತವೆ. ಆದರೆ ಎರಡಕ್ಕೂ ತಾಯಿ ಒಬ್ಬಳೇ, ಕಾಲದ ಅಭಾವ.

ಸರಿಯಾಗಿ ನಂಬಿದವನ ಕಥೆಯೂ ಒಂದುಂಟು. ಅದು ಸುಖದ ಕಥೆಯೇನಲ್ಲ. ೧೯೯೧ರ ಫೆಬ್ರವರಿ ೨೫ರಂದು ಕುವೈತಿನ ಕರಾವಳಿಯ ಬಳಿ ಬ್ರಿಟಿಷರ ‘ಗ್ಲೌಸ್ಟರ್’ ನೌಕೆಯಲ್ಲಿ ಮೈಕೇಲ್ ರೈಲಿ ಎಂಬ ಅಧಿಕಾರಿ ರೇಡಾರಿನ ಮುಂದೆ ಇದ್ದ. ದಡದಿಂದ ಒಂದು ಚುಕ್ಕೆ ಹೊರಟು ಅಮೆರಿಕದ ‘ಮಿಸೂರಿ’ ಮಹಾನೌಕೆಯ ಕಡೆಗೆ ಬರತೊಡಗಿತು. ಅಮೆರಿಕದ ಬಾಂಬರ್ ವಿಮಾನಗಳು ದಾಳಿ ಮುಗಿಸಿ ಅದೇ ದಾರಿಯಲ್ಲಿ, ಹೆಚ್ಚುಕಡಮೆ ಅದೇ ವೇಗದಲ್ಲಿ ಹಿಂತಿರುಗುತ್ತಿದ್ದವು. ಚುಕ್ಕೆ ಮಿತ್ರನದೋ ಶತ್ರುವಿನದೋ ಹೇಳುವ ಗುರುತಿರಲಿಲ್ಲ. ಆದರೂ ಇದು ಕ್ಷಿಪಣಿಯೆಂದು ರೈಲಿಗೆ ಅನ್ನಿಸಿತು. ಏಕೆ ಅನ್ನಿಸಿತೆಂದು ಅವನಿಗೇ ತಿಳಿಯದು. ಸುಮಾರು ಒಂದೂವರೆ ನಿಮಿಷದೊಳಗೆ ಸೀ ಡಾರ್ಟ್ ಹಾರಿ ಅದನ್ನು ಕೆಡವಿತು. ತಾನು ಕೆಡವಿದ್ದು ಮಿತ್ರರ ವಿಮಾನವೋ ಏನೋ ಎಂಬ ಸಂಕಟದಲ್ಲಿ ಆತ ಗಂಟೆಗಟ್ಟಲೆ ಕಾಯಬೇಕಾಯಿತು. ಅದು ‘ಸಿಲ್ಕ್‌ವರ್ಮ್’ ಕ್ಷಿಪಣಿಯೆಂದು, ಐಲಾತನ್ನು ಕೊಂದ ಸ್ಟಿಕ್ಸಿನ ವಂಶದ್ದೆಂದು, ಆಮೇಲೆ ಖಚಿತವಾಯಿತು. ಗ್ಯಾರಿ ಕ್ಲೈನ್ ಎಂಬ ಮನಶ್ಶಾಸ್ತ್ರಜ್ಞರು ಮುಂದೆ ಇದನ್ನು ಪರಿಶೀಲಿಸಿ ಒಂದು ಕಾರಣ ಹುಡುಕಿದರು. ಕ್ಷಿಪಣಿ ವಿಮಾನಕ್ಕಿಂತ ತಗ್ಗಿನಲ್ಲಿ ಹಾರಿದ್ದರಿಂದ ದಡದ ಗೊಂದಲವನ್ನು ಬಿಟ್ಟು ರೇಡಾರಿಗೆ ಕಂಡದ್ದು ಸ್ವಲ್ಪ ತಡವಾಗಿ, ಸ್ವಲ್ಪ ದೂರದಲ್ಲಿ. ದಿನಗಟ್ಟಲೆ ವಿಮಾನಗಳ ಚುಕ್ಕೆಗಳನ್ನೇ ನೋಡಿದ್ದ ಕಣ್ಣು ಆ ಕೂದಲೆಳೆಯ ವ್ಯತ್ಯಾಸವನ್ನು ಬುದ್ಧಿಗೆ ಮೊದಲೇ ಹಿಡಿದಿತ್ತು.

ಮನುಷ್ಯನ ಕೈಯಿಂದ ನಿರ್ಧಾರವನ್ನು ಕಸಿದು ಯಂತ್ರಕ್ಕೇ ಕೊಟ್ಟರಾಗದೆ ಎಂದು ಕೇಳುವವರುಂಟು. ಅದೇ ಘಟನೆಯಲ್ಲಿಯೇ ಅದಕ್ಕೂ ಉತ್ತರವಿದೆ. ಮಿಸೂರಿಯ ಪಕ್ಕದಲ್ಲಿದ್ದ ‘ಜ್ಯಾರೆಟ್’ ಎಂಬ ಹಡಗಿನ ಫ್ಯಾಲಂಕ್ಸ್ ತೋಪನ್ನು ಸ್ಟಾರ್ಕ್‌ನಂತೆ ಸುಮ್ಮನೆ ಬಿಟ್ಟಿರಲಿಲ್ಲ. ತಾನಾಗಿ ಹೊಡೆಯುವಂತೆ ಇಟ್ಟಿದ್ದರು. ಮಿಸೂರಿ ಎರಚಿದ ಚಾಫನ್ನೇ ಶತ್ರುವೆಂದು ಬಗೆದು ಆ ತೋಪು ಗುಂಡು ಕಾರಿತು. ಗುಂಡುಗಳಲ್ಲಿ ಕೆಲವು ತಾನು ಕಾಪಾಡಬೇಕಾದ ಮಿಸೂರಿಗೇ ಬಡಿದವು. ದೈವಕೃಪೆಯಿಂದ ಯಾರೂ ಸಾಯಲಿಲ್ಲ.

ಇದಾದ ಮೇಲೆ ತಂತ್ರಜ್ಞಾನ ಬಹಳ ಬೆಳೆಯಿತು. ಮನುಷ್ಯಸ್ವಭಾವ ಅಷ್ಟಾಗಿ ಬೆಳೆದಂತಿಲ್ಲ. ೨೦೦೬ರ ಜುಲೈ ೧೪ರಂದು ಲೆಬನಾನಿನ ತೀರದಲ್ಲಿ ಇಸ್ರೇಲಿನ ‘ಹನೀತ್’ ನೌಕೆಗೆ ಹೆಜ್ಬೊಲ್ಲಾದವರ ಕ್ಷಿಪಣಿ ತಾಗಿ ನಾಲ್ವರು ಸತ್ತರು. ಅಂಥ ಕ್ಷಿಪಣಿ ಅವರ ಬಳಿ ಇದ್ದೀತೆಂದು ನಂಬದೆ ಹಡಗಿನ ಸ್ವಯಂಚಾಲಿತ ರಕ್ಷಣೆಯನ್ನು ಚಾಲೂ ಮಾಡಿರಲಿಲ್ಲ. ಲಟಾಕಿಯಾದ ಗೆಲವನ್ನು ಸಂಪಾದಿಸಿದ ನೌಕಾಪಡೆಯೇ ಅದು! ೨೦೨೨ರ ಏಪ್ರಿಲ್ ತಿಂಗಳಲ್ಲಿ ರಷ್ಯದ ‘ಮಾಸ್ಕ್ವಾ’ ಕಪ್ಪು ಸಮುದ್ರದಲ್ಲಿ ಮುಳುಗಿತು. ದೂರದ ವಿಮಾನಗಳನ್ನು ಹೊಡೆಯಬಲ್ಲ ೬೪ ಕ್ಷಿಪಣಿಗಳ ಬತ್ತಳಿಕೆ ಆ ಹಡಗಿನದು. ತನ್ನ ಎರಡು ‘ನೆಪ್ಚೂನ್’ ಕ್ಷಿಪಣಿಗಳು ತಾಗಿದವೆಂದು ಉಕ್ರೇನು ಸಾರಿತು. ಹಡಗಿನಲ್ಲಿ ಬೆಂಕಿ ಬಿದ್ದು ಮದ್ದು ಸಿಡಿಯಿತೆಂದು ರಷ್ಯ ಹೇಳಿತು.

೨೦೨೩ರ ಅಕ್ಟೋಬರಿನಿಂದ ಮುಂದೆ ಕೆಂಪು ಸಮುದ್ರದಲ್ಲಿ ಯೆಮೆನಿನ ಹೌತಿಗಳು ಬಿಟ್ಟ ಕ್ಷಿಪಣಿಗಳನ್ನು, ಮಾನವರಹಿತ ವಿಮಾನಗಳನ್ನು ಅಮೆರಿಕದ ಹಡಗುಗಳು ಸಾಲುಸಾಲಾಗಿ ಕೆಡವಿದಾಗ ಗುರಾಣಿಯ ಪಕ್ಷದವರಿಗೆ ಹಿಗ್ಗೋ ಹಿಗ್ಗು. ಹಿಗ್ಗಬೇಕಾದದ್ದೇ. ೨೦೨೪ರ ಜನವರಿಯಲ್ಲಿ ‘ಗ್ರೇವ್ಲಿ’ ಎಂಬ ಹಡಗು ತೀರ ಹತ್ತಿರಕ್ಕೆ ಬಂದ ಕ್ಷಿಪಣಿಯೊಂದನ್ನು, ಸ್ಟಾರ್ಕ್‌ನಲ್ಲಿ ಸುಮ್ಮನಿದ್ದ ಅದೇ ಜಾತಿಯ ಫ್ಯಾಲಂಕ್ಸಿನಿಂದ ಹೊಡೆದು ಉಳಿದುಕೊಂಡಿತು. ಆದರೆ ಅದೇ ವರ್ಷ ಡಿಸೆಂಬರ್ ೨೨ರಂದು ‘ಗೆಟಿಸ್‌ಬರ್ಗ್’ ಎಂಬ ಏಜಿಸ್ ನೌಕೆ ತಮ್ಮದೇ ವಿಮಾನವೊಂದನ್ನು ಹೊಡೆದುರುಳಿಸಿತು. ಅದರಲ್ಲಿದ್ದ ಇಬ್ಬರೂ ಹೊರಕ್ಕೆ ನೆಗೆದು ಬದುಕಿದರು. ವಿನ್ಸೆನ್ಸ್‌ನ ಕಾಲದಿಂದ ಮೂವತ್ತಾರು ವರ್ಷಗಳ ಮೇಲೆಯೂ ಚುಕ್ಕೆ ಚುಕ್ಕೆಯಾಗಿಯೇ ಉಳಿದಿದೆ.

ಗುರಾಣಿಯಿಲ್ಲದ ಆ ಮೂರನೆಯವನೂ ಹಾಗೆಯೇ ಉಳಿದಿದ್ದಾನೆ. ೨೦೨೪ರ ಮಾರ್ಚ್ ೬ರಂದು ಏಡನ್ ಕೊಲ್ಲಿಯಲ್ಲಿ ‘ಟ್ರೂ ಕಾನ್ಫಿಡೆನ್ಸ್’ ಎಂಬ ಸರಕಿನ ಹಡಗಿಗೆ ಕ್ಷಿಪಣಿ ಬಡಿದು ಮೂವರು ನಾವಿಕರು ಸತ್ತರು. ಯಾರ ಯುದ್ಧವನ್ನೂ ಕಾದದ ಕೂಲಿಯ ಜನ. ಉಳಿದವರನ್ನು ನಮ್ಮ ‘ಕೋಲ್ಕತಾ’ ನೌಕೆ ಹೋಗಿ ಎತ್ತಿ ತಂದಿತು. ಅವರಲ್ಲಿ ಒಬ್ಬ ಭಾರತೀಯ.

ಈಗ ನಮ್ಮ ದೇಶವೂ ಎರಡು ಕಡೆಯ ವಿದ್ಯೆಯನ್ನೂ ಕಲಿತಿದೆ. ಶಬ್ದವನ್ನು ಹಿಂದಿಕ್ಕುವ ಬ್ರಹ್ಮೋಸ್ ಕ್ಷಿಪಣಿ ನಮ್ಮ ಹಡಗುಗಳ ಮೇಲಿದೆ. ನೌಕಾಪಡೆಗೆ ರೇಡಾರುಗಳನ್ನು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಟ್ಟಿಕೊಡುತ್ತದೆ. ಕಾರವಾರದಲ್ಲಿ ದೊಡ್ಡ ನೌಕಾನೆಲೆಯಿದೆ. ಹೆಮ್ಮೆಪಡಬೇಕಾದ ಸಂಗತಿಗಳೇ. ಆದರೆ ಎಷ್ಟು ದೂರ, ಎಷ್ಟು ವೇಗ ಎಂದು ಕೇಳುವ ನಾವು ಇನ್ನೂ ಒಂದು ಪ್ರಶ್ನೆಯನ್ನು ಕೇಳುವುದು ಲೇಸು. ರಾತ್ರಿ ಎರಡು ಗಂಟೆಗೆ, ಹತ್ತು ಸಲ ಸುಳ್ಳು ಎಚ್ಚರಿಕೆ ಕೇಳಿ ದಣಿದ ಮೇಲೆ, ಹನ್ನೊಂದನೆಯ ಚುಕ್ಕೆಯ ಮುಂದೆ ಕುಳಿತಿರುವ ಹುಡುಗನಿಗೆ ನಾವು ಏನು ಕಲಿಸಿದ್ದೇವೆ? ಬಿಡಬಲ್ಲ ಬಾಣವನ್ನು ಬಿಡದೆ ಇರುವ ಎದೆಗಾರಿಕೆಯನ್ನೂ ಬಿಡಬೇಕಾದಾಗ ಬಿಡುವ ಎದೆಗಾರಿಕೆಯನ್ನೂ ಒಟ್ಟಿಗೆ ಕಲಿಸುವ ಪಾಠಶಾಲೆಯೊಂದು ಉಂಟೆ? ಇದ್ದರೆ, ಕ್ಷಿಪಣಿಗೆ ಸುರಿಯುವ ಹಣದಲ್ಲಿ ಒಂದು ಪಾಲು ಅದಕ್ಕೂ ಸಲ್ಲಬೇಕು. ಅವನ ಕೈಯಲ್ಲಿರುವುದು ತನ್ನ ಹಡಗಿನ ಮುನ್ನೂರು ಜನರ ಪ್ರಾಣ ಮಾತ್ರವಲ್ಲ. ಆ ಹೊತ್ತಿನಲ್ಲಿ ಮೇಲೆ ಎಲ್ಲಿಗೋ ಹಾರಿಹೋಗುತ್ತಿರುವ, ಅವನ ಹೆಸರನ್ನೂ ಅರಿಯದ ಮುನ್ನೂರು ಜನರ ಪ್ರಾಣವೂ ಹೌದು.